ಹಿಂದಿನ ಬೋಗಿಯ ಬಾಗಿಲು

ನನ್ನ ಆಯೀ,

ಅಂಕೋಲಾ ಸ್ಟೇಷನ್ನಿನಲ್ಲಿ ನಿನ್ನ ತರಕಾರಿ ಬುಟ್ಟಿ ಎತ್ತಲು ನೆರವಾಗುತ್ತಿದ್ದ ದಿನಗಳು ನೆನಪಾಗುತ್ತಿವೆ. ಕಾರವಾರದ ಸಂತೆಗೆ ಹೊರಟಾಗಲೆಲ್ಲ ನಿನ್ನದು ಒಂದೇ ಮಾತು. "ಹಿಂದಿನ ಬೋಗಿಗೇ ಹತ್ತು ಸುಮಾ. ಮುಂದೆ ಕೂತವ್ರು ಬುಟ್ಟಿ ಕಂಡ್ರೆ ಮೋರೆ ಗಂಟು ಹಾಕ್ತ್ರು." ಬುಟ್ಟಿ ಇಲ್ಲದ ದಿನವೂ ನಾವು ಹಿಂದೆಯೇ ಕೂರುತ್ತಿದ್ದೆವು. ಆ ಅಭ್ಯಾಸ ನನ್ನ ಜೊತೆ ಜಪಾನಿಗೂ ಬಂತು ನೋಡು.

ಆಸ್ಪತ್ರೆಯಲ್ಲಿ ಮಲಗಿದ್ದಾಗ ನೀನು ನನ್ನ ಕೈ ಹಿಡಿದು ಕೇಳಿದ್ದನ್ನು ಮರೆತಿಲ್ಲ. ಮುದುಕರ ಆರೈಕೆಯ ಕೆಲಸಕ್ಕೆ ನಾನು ಇಲ್ಲಿಗೆ ಬರುವುದು ಆಗಲೇ ನಿಶ್ಚಯವಾಗಿತ್ತು. "ಇಳೂದು ತಪ್ಪಿದ್ರೆ ಅಲ್ಲಿ ಯಾರನ್ನ ಕೇಳ್ತೆ ನೀನು?" ಆಮೇಲೆ ನೀನೇ, "ಮುಟ್ಟಿದ ಕೂಡ್ಲೆ ಒಂದು ರಿಂಗ್ ಕೊಡು. ನಾ ಎತ್ತೂದಿಲ್ಲ, ಗೊತ್ತಾಗ್ತದೆ" ಎಂದೆ. ಬಿಣಗಾದ ಅತ್ತೆ ಮನೆಗೆ ಹೋದರೂ ಅದೇ ನಿಯಮ. ಆ ರಿಂಗ್ ಬರುವವರೆಗೆ ನೀನು ಊಟಕ್ಕೆ ಕೂರುತ್ತಿರಲಿಲ್ಲ. ಆದರೆ ನಾನು ವಿಮಾನ ಹತ್ತುವ ಮೊದಲೇ ನೀನು...

ಮೊದಲ ದಿನವೇ ಇಳಿಯುವುದು ತಪ್ಪಿತು, ಆಯಿ. ಎರಡೇ ಬೋಗಿಯ ರೈಲು, ನಾನು ಹಿಂದಿನದರಲ್ಲಿ. ನನ್ನ ಸ್ಟೇಷನ್ ಬಂತು, ಬಾಗಿಲು ತೆರೆಯಲೇ ಇಲ್ಲ. ಗುದ್ದಿದೆ, ರೈಲು ಹೊರಟೇ ಹೋಯಿತು. ಇಲ್ಲಿನ ಸಣ್ಣ ಸ್ಟೇಷನ್ನುಗಳಲ್ಲಿ ಸಿಬ್ಬಂದಿ ಇರುವುದಿಲ್ಲ. ಚಾಲಕನೇ ಟಿಕೆಟ್ ನೋಡುತ್ತಾನೆ, ಅವನ ಪಕ್ಕದ ಬಾಗಿಲು ಮಾತ್ರ ತೆರೆಯುತ್ತದೆ. ಇದೆಲ್ಲ ನನಗೇನು ಗೊತ್ತು? ಮುಂದಿನ ಸ್ಟೇಷನ್ನಿನಲ್ಲಿ ಚಾಲಕ ನನ್ನನ್ನು ತನ್ನ ಪಕ್ಕದ ಬಾಗಿಲಿನಿಂದ ಇಳಿಸಿ, ಎದುರಿನಿಂದ ಬರುವ ರೈಲು ಹಿಡಿ ಎಂದು ಕೈಸನ್ನೆ ಮಾಡಿ ಹೋದ. ಗದ್ದೆಗಳ ನಡುವೆ ಒಂದು ಪ್ಲಾಟ್‌ಫಾರ್ಮ್, ಒಂದು ಬೆಂಚು.

ಅಲ್ಲೊಬ್ಬ ಅಜ್ಜಿ ಕಸ ಗುಡಿಸುತ್ತಿದ್ದಳು. ಊರಿನವರೇ ಸರದಿಯಲ್ಲಿ ಸ್ಟೇಷನ್ ನೋಡಿಕೊಳ್ಳುತ್ತಾರಂತೆ. ಬೆಂಚಿಗೆ ಹಳೆ ಬಟ್ಟೆಯ ದಿಂಬು ಹೊಲಿದು ಹಾಕಿದ್ದಾರೆ. ಫೋನಿನಲ್ಲಿ ನನ್ನ ಸ್ಟೇಷನ್ನಿನ ಹೆಸರು ತೋರಿಸಿದೆ. ನಕ್ಕಳು. ದಿಂಬಿನ ಮೇಲೆ ಕೂರಿಸಿ, ಸುಟ್ಟ ಗೆಣಸು ಮುರಿದು ಅರ್ಧ ಕೊಟ್ಟಳು. ನೀನು ಹೊರುತ್ತಿದ್ದಂಥ ಗೆಣಸೇ. ರೈಲು ಬಂದಾಗ ನಾನು ಮತ್ತೆ ಹಿಂದಕ್ಕೇ ಹೊರಟಿದ್ದೆ! ರಟ್ಟೆ ಹಿಡಿದು ಎಳೆದು ಮುಂದಿನ ಬೋಗಿಗೆ ಹತ್ತಿಸಿದಳು, ಚಾಲಕನಿಗೆ ಏನೋ ಹೇಳಿದಳು. ನನ್ನ ಸ್ಟೇಷನ್ ಬಂದಾಗ ಅವನೇ ತಿರುಗಿ ನನ್ನನ್ನು ನೋಡಿದ. ಎಷ್ಟು ಹಗುರಾದೆ ಗೊತ್ತೆ?

ಇಳಿದವಳೇ ಫೋನ್ ತೆಗೆದು ನಿನ್ನ ನಂಬರ್ ಒತ್ತಿದೆ. ಅದು ಈಗ ಚಾಲ್ತಿಯಲ್ಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ದಾರಿ ಕೇಳಲು ಇಲ್ಲಿ ಜನ ಇದ್ದಾರೆ, ಆಯಿ. ಈಗ ದಿನವೂ ಮುಂದಿನ ಬೋಗಿಯಲ್ಲೇ ಕೂರುತ್ತೇನೆ, ಯಾರೂ ಮೋರೆ ಗಂಟು ಹಾಕುವುದಿಲ್ಲ. ನಾನು ಮುಟ್ಟಿದೆ. ನೀನಿನ್ನು ಊಟಕ್ಕೆ ಕೂರು.

ನಿನ್ನ ಮಗಳು ಸುಮಾ