ಗುರುಬಸವನಿಗೆ ಬಿದ್ದ ಚಪ್ಪಾಳೆ

ಸಿಂಧನೂರು, ನವೆಂಬರ್ ೧೬, ಭಾನುವಾರ

ಆ ಚಪ್ಪಾಳೆ ಇನ್ನೂ ಕಿವಿಯಿಂದ ಹೋಗಿಲ್ಲ. ಹತ್ತೊಂಬತ್ತು ವರ್ಷ ರಾಜ್ಯಶಾಸ್ತ್ರ ಕಲಿಸಿದ ನನಗೆ ಒಮ್ಮೆಯೂ ಹಾಗೆ ಬಿದ್ದಿಲ್ಲ.

ಗುರುಬಸವ ನಮ್ಮದೇ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು. ಅಮೆರಿಕದ ಕಂಪನಿ ಧಣಿಗಳ ಭಾಷಣಗಳನ್ನು ಮೊಬೈಲಿನಲ್ಲಿ ಕೇಳಿ ಕೇಳಿ, ಇವತ್ತು ಮಸ್ಕಿಯ ಸಭೆಯಲ್ಲಿ ಅದನ್ನೇ ಒಪ್ಪಿಸಿದ. "ದೇಶ ಅಂದ್ರ ಕಂಪನಿ ಇದ್ದಂಗ. ಒಬ್ಬ ಶಾಣ್ಯಾ ಮಾಲಕ ಸಾಕು. ಈ ಓಟು ಗೀಟು ಎಲ್ಲಾ ದಂಡ," ಅಂದ. ಚುನಾವಣೆಗೆ ನಿಲ್ಲಲು ಹೊರಟಿರುವ ಸಾಹುಕಾರರು ಅವನಿಗೆ ಶಾಲು ಹೊದಿಸಿ, ಇನ್ನು ಇವನೇ ನಮ್ಮ ಸಲಹೆಗಾರ ಎಂದರು.

ಅವನ ಮಾತು ತಪ್ಪೆಂದು ನನಗೆ ಗೊತ್ತಿತ್ತು. ಎದ್ದು ಹೇಳಬೇಕಿತ್ತು. ನಾನು ಆ ಶಾಲನ್ನೇ ನೋಡುತ್ತ ಕುಳಿತಿದ್ದೆ.

ಎದ್ದವಳು ಭತ್ತದ ಕೊಯ್ಲು ಬಿಟ್ಟು ಬಳಗಾನೂರಿನಿಂದ ಬಂದಿದ್ದ ಕೂಲಿಯಾಕೆ, ಯಮನೂರಮ್ಮ. "ಸಾಹುಕಾರ್ರ, ಓಟು ಐತಂತ ಐದು ವರ್ಷಕ್ಕೊಮ್ಮೆ ನಮ್ಮ ಓಣಿಗೆ ಬಂದು ಕೈ ಮುಗೀತೀರಿ. ಅದನ್ನೂ ತಗದ್ರ ನಾವು ಯಾರನ್ನ ಕೇಳಬೇಕ್ರಿ?"

ಗುರುಬಸವ ಮೈಕು ಸರಿಮಾಡಿಕೊಂಡು ಸಾಹುಕಾರರ ಕಡೆ ನೋಡಿದ. ಹಿಂದಿನಿಂದ ಯಾರೋ "ಖರೇ ಐತಿ" ಎಂದರು.

ನನಗೆ ಸಂತೋಷವಾಗಬೇಕಿತ್ತು. ಆದರೆ ಅವನ ಮೇಲಿದ್ದ ಹೊಟ್ಟೆಕಿಚ್ಚು ಅವಳ ಕಡೆಗೆ ತಿರುಗಿತು. ವರ್ಷವರ್ಷವೂ ಪಾಠ ಮಾಡಿದ್ದು ನಾನು; ಆ ಪ್ರಶ್ನೆ ನನ್ನದಾಗಬೇಕಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕುಳಿತಳು. "ನೀವು ಓದಿದವ್ರು. ನಾ ಕೇಳಿದ್ದು ತಪ್ಪಾತೇನ್ರಿ?"

"ನೋಡಬೇಕವ್ವಾ," ಎಂದೆ.

ತಪ್ಪಿಲ್ಲ ಎಂಬ ಒಂದು ಮಾತು. ಅಷ್ಟನ್ನೂ ಅವಳಿಗೆ ಕೊಡಲು ನನ್ನಿಂದ ಆಗಲಿಲ್ಲ. ಅವಳು ಊರು ಬರುವ ತನಕ ತಲೆ ತಗ್ಗಿಸಿಕೊಂಡೇ ಕುಳಿತಿದ್ದಳು.