ಬಕೆಟ್ಟಿನ ತೂಕ

ಹಿರಿಯರ ಹಗಲು ಕೇಂದ್ರದ ಅಡುಗೆಮನೆ,
ಶುಕ್ರವಾರ, ೧೪ನೇ ತಾರೀಕು, ಪಾತ್ರೆ ತೊಳೆದಾದ ಮೇಲೆ

ಪ್ರೀತಿಯ ಅಕ್ಕಾ,

ನಿನ್ನ ಮಂಡಿ ಈಗ ಹೇಗಿದೆ? ರೋಗಿಗಳನ್ನು ಕೈಹಿಡಿದು ನಡೆಸುವ ನರ್ಸಮ್ಮ ತಾನೇ ಕುಂಟಿಕೊಂಡು ಓಡಾಡುತ್ತಿದ್ದಾಳೆ ಎಂದು ಭಾವ ಫೋನಿನಲ್ಲಿ ಚಾಡಿ ಹೇಳಿದರು. ಮುಲಾಮು ಹಚ್ಚು, ಮೆಟ್ಟಿಲು ಬಿಡು, ಮೊಂಡುತನ ತಗ್ಗಿಸು, ಮೊದಲೆರಡು ನಿನ್ನಿಂದಾದೀತು. ನಾನು ಚೆನ್ನಾಗಿದ್ದೇನೆ ಎಂದು ಬರೆಯಹೊರಟೆ. ಆದರೆ ಬಾಯಲ್ಲಿ ಹೇಳಲಾಗದ್ದಕ್ಕೇ ಕಾಗದ ಹಿಡಿದವನು ಕಾಗದದಲ್ಲೂ ಸುಳ್ಳು ಹೇಳುವುದೇಕೆ? "ಸುತ್ತಿ ಬಳಸ್ಬೇಡ್ವೋ, ವಿಷ್ಯಕ್ಕೆ ಬಾ" ಎಂದು ನೀನು ಚಿಕ್ಕಂದಿನಿಂದ ನನ್ನ ಕಿವಿ ಹಿಂಡಿದ್ದೀಯ. ಬರುತ್ತೇನೆ ಇರು.

ಮೂರು ವಾರದ ಹಿಂದೆ, ರೋಗಿಗಳಿಗೂ ವಯಸ್ಸಾದವರಿಗೂ ಯಾವ ಊಟ ಹಿತ ಎಂಬ ವಿದ್ಯೆ ಓದುತ್ತಿರುವ ಮೂವರು ಹುಡುಗಿಯರು ಇಲ್ಲಿಗೆ ಬಂದರು. ಪುಸ್ತಕ ಸಾಕು, ಒಂದು ತಿಂಗಳು ಜನರ ನಡುವೆ ಕೆಲಸ ಕಲಿಯಿರಿ ಎಂದು ಕಾಲೇಜು ಅಟ್ಟಿದೆ. ಒಬ್ಬಳು ಮುದುಕರ ತೂಕ ನೋಡುತ್ತಾಳೆ, ಇನ್ನೊಬ್ಬಳು ಮನೆಮನೆಗೆ ಹೋಗಿ ನಿನ್ನೆ ಏನು ಉಂಡಿರಿ ಎಂದು ಬರೆದುಕೊಳ್ಳುತ್ತಾಳೆ. ಮೂರನೆಯವಳು ಕೊಕ್ಕೆ ತಕ್ಕಡಿಯೊಂದನ್ನು ಹಿಡಿದು ನನ್ನ ಅಡುಗೆಮನೆಗೆ ಬಂದಳು. ನಾನು ಅವಳನ್ನೇ ತಕ್ಕಡಿ ಎಂದು ಕರೆದೆ, ಅವಳೂ ಓಗೊಟ್ಟಳು. ಎರಡು ವಾರ ನಮ್ಮ ನಲವತ್ತೆರಡು ಹಿರಿಯರ ಊಟದಲ್ಲಿ ಉಪ್ಪನ್ನು ಅರ್ಧಕ್ಕಿಳಿಸಿ, ಅವರು ಉಣ್ಣುತ್ತಾರೋ ಇಲ್ಲವೋ ನೋಡುವುದು ಅವಳ ಪಾಲಿನ ಕೆಲಸ. ನೋಡುವ ಬಗೆ ಕೇಳು: ತಟ್ಟೆಗಳಲ್ಲಿ ಉಳಿದದ್ದನ್ನೆಲ್ಲ ಬಕೆಟ್ಟಿಗೆ ಕೆರೆದು ದಿನಾ ತೂಗುವುದು. "ಜನ ಬಾಯ್ಮಾತಿಗೆ ಚೆನ್ನಾಗಿದೆ ಅಂತಾರೆ ಅಣ್ಣ, ಬಕೆಟ್ಟಿಗೆ ದಾಕ್ಷಿಣ್ಯ ಇಲ್ಲ" ಅಂದಳು. ಇಪ್ಪತ್ತು ವರ್ಷದಿಂದ ಕೈಯಳತೆಯಲ್ಲಿ ಉಪ್ಪು ಹಾಕಿದವನ ಮುಂದೆ ಚಮಚ ಎಣಿಸಿದಳು. ನಗು ಬಂತು, ನುಂಗಿಕೊಂಡೆ.

ಮೊದಲ ಸೋಮವಾರ ಬಕೆಟ್ಟಿನಲ್ಲಿ ಒಂಬತ್ತು ಕಿಲೋ. ನಿವೃತ್ತ ಮೇಷ್ಟ್ರಮ್ಮ ಚಮಚ ಕುಟ್ಟಿ, "ಏನಪ್ಪಾ, ಸೂಪು ಮಾಡಿದ್ಯೋ, ಪಾತ್ರೆ ತೊಳೆದ ನೀರು ಕಾಯಿಸಿದ್ಯೋ?" ಎಂದರು. ಎಲ್ಲರೂ ನಕ್ಕರು. ತಕ್ಕಡಿಯೂ ನಕ್ಕಳು, ಆಮೇಲೆ ಉಗ್ರಾಣಕ್ಕೆ ಹೋಗಿ ಆಲೂಗಡ್ಡೆ ಮೂಟೆ ಮೇಲೆ ಕೂತು ಅತ್ತಳು. ನನಗೆ ಕರುಳು ಚುರುಕ್ಕೆಂದಿತು. ಬರೀ ಕರುಳಾದರೆ ಕ್ಷಮಿಸಬಹುದಿತ್ತು ಅಕ್ಕಾ; ನನ್ನ ಕೈಯಡುಗೆಯ ತಟ್ಟೆಗಳು ಹಾಗೆ ತುಂಬಿ ವಾಪಸು ಬಂದದ್ದು ಅದೇ ಮೊದಲು, ಜಂಬವೂ ಚುರುಕ್ಕೆಂದಿತ್ತು. ಮರುದಿನ ಅವಳು ರುಚಿ ನೋಡಿ, ಬರೆದುಕೊಂಡು, ಚಮಚ ಜೋಡಿಸಲು ಊಟದ ಕೋಣೆಗೆ ಹೋದ ತಕ್ಷಣ ಸೂಪಿಗೆ ಎರಡು ಹಿಡಿ ಉಪ್ಪು ಸುರಿದು ತಿರುವಿದೆ. ಬಕೆಟ್ಟು ಎರಡೂವರೆ ಕಿಲೋಗೆ ಇಳಿಯಿತು. ಅವಳು ಮಗುವಿನ ಹಾಗೆ ಕುಣಿದಳು. ನಾನು ಊಟದ ಕೋಣೆಯ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ:

ಉಪ್ಪು ಇಳಿದರೂ ರುಚಿ ಇಳಿಯಲಿಲ್ಲ,
ಉಂಡವರ ತಟ್ಟೇಲಿ ಅಗುಳೂ ಉಳಿಯಲಿಲ್ಲ!

ಚಪ್ಪಾಳೆ ಬಿತ್ತು. ಪ್ರಾಸವಿಟ್ಟು ಸುಳ್ಳು ಹೇಳಿದರೆ ಯಾರೂ ಅನುಮಾನ ಪಡುವುದಿಲ್ಲ ಎಂದು ಅಂದು ಗೊತ್ತಾಯಿತು. ಆಮೇಲೆ ನಾನು ಒಲೆ ಮುಂದೆ ನಿಂತ ದಿನವೆಲ್ಲ ಅದೇ ಕೈ, ಅದೇ ಎರಡು ಹಿಡಿ.

ಇಲ್ಲಿಗೆ ಬರುವವರಲ್ಲಿ ಗಡಿಯಾರ ರಿಪೇರಿಯ ತಾತ ಒಬ್ಬರು. ಹೃದಯ ಸೋತಿದೆ, ಉಪ್ಪು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಇಷ್ಟು ದಿನ ಅವರ ಸೂಪು ಬೇರೆ ಪಾತ್ರೆಯಲ್ಲಿ ಆಗುತ್ತಿತ್ತು. ಈಗ ಎಲ್ಲರದ್ದೂ ಕಡಿಮೆ ಉಪ್ಪಲ್ಲವೇ ಎಂದು ತಕ್ಕಡಿ ಅವರನ್ನೂ ದೊಡ್ಡ ಪಾತ್ರೆಗೆ ಸೇರಿಸಿದಳು. ನನಗದು ಗೊತ್ತಿತ್ತು. ಗೊತ್ತಿದ್ದೂ ಹಾಕಿದೆ, ಒಂದು ಬಟ್ಟಲಿನಿಂದ ಏನಾದೀತು ಅಂದುಕೊಂಡೆ. ಈ ವಾರ ಅವರ ಕಾಲು ಊದಿ ಚಪ್ಪಲಿಗೆ ಇಳಿಯದಾಯಿತು. ಬುಧವಾರ ಉಸಿರು ಸಿಕ್ಕದೆ ಆಸ್ಪತ್ರೆ ಸೇರಿದರು. ಈಗ ಎದ್ದು ಕೂತಿದ್ದಾರಂತೆ. ಡಾಕ್ಟರು ವಿಚಾರಿಸಿದಾಗ ತಕ್ಕಡಿ ತನ್ನ ಹಾಳೆ ತೋರಿಸಿ, ಕೇಂದ್ರದ ಊಟದಲ್ಲಿ ಇಷ್ಟೇ ಉಪ್ಪು, ಹೆಚ್ಚಿದ್ದರೆ ಮನೆಯದ್ದಿರಬೇಕು ಎಂದಿದ್ದಾಳೆ. ಸುಳ್ಳಲ್ಲ, ಅವಳ ಹಾಳೆಯಲ್ಲಿರುವುದೇ ಅದು. ತಾತನ ಮನೆಯಲ್ಲಿ ಈಗ ಎಲ್ಲರ ಬೆರಳೂ ಸೊಸೆಯ ಕಡೆಗೆ. ನಿನ್ನೆ ಆಕೆ ಇದೇ ಬಾಗಿಲಿಗೆ ಬಂದು, "ಅಣ್ಣಾ, ನಾನು ಮಾವನ ತಟ್ಟೆಗೆ ಉಪ್ಪು ಸೋಕಿಸಿಲ್ಲ ಕಣಣ್ಣಾ. ಅಡುಗೆ ಬಲ್ಲೋರು ನೀವು, ನಮ್ಮ ಮನೇಲಿ ಒಂದ್ಮಾತು ಹೇಳಿ" ಎಂದಳು. ನಾನು ಸೌಟು ತೊಳೆಯುತ್ತಾ ನಿಂತೆ. ತೊಳೆದ ಸೌಟನ್ನೇ ಮತ್ತೆ ತೊಳೆದೆ. ಆಕೆ ಹೋದಳು.

ಸೋಮವಾರ ಹತ್ತಕ್ಕೆ ತಕ್ಕಡಿ ವರದಿ ಓದುತ್ತಾಳೆ. ಮೆಚ್ಚುಗೆಯಾದರೆ ಇದೇ ಅಡುಗೆಯನ್ನು ಇನ್ನೂ ಐದು ಕೇಂದ್ರಗಳಿಗೆ ತರುತ್ತಾರಂತೆ. ಒಂಬತ್ತಕ್ಕೆ ಅವಳಿಗೂ ಅವಳ ಕಾಲೇಜಿನ ಮೇಡಮ್ಮಿಗೂ ಎಲ್ಲ ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ ಎಂದು ಧೈರ್ಯವಾಗಿ ಬರೆಯುತ್ತಿದ್ದೇನೆ, ಆದರೆ ಆ 'ಹೋಗಲಿ'ಯನ್ನು ಎರಡು ಸಲ ಹೊಡೆದು ಮತ್ತೆ ಬರೆದೆ. ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನಿನಗೆ ಏನು ಕಳಿಸಲಿ, ಬೈಗುಳವಿದ್ದರೆ ನೀನೇ ಕಳಿಸು.

ಸದ್ಯಕ್ಕಿನ್ನೂ ಅಡುಗೆಯವನಾದ
ನಿನ್ನ ತಮ್ಮ

ಮರೆತ ಮಾತು (ಸೋಮವಾರ, ಅವಸರದಲ್ಲಿ): ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ. ಹೇಳಿದೆ ಅಕ್ಕಾ. ಮೇಡಂ ಬೈದರು, ವರದಿ ನಿಲ್ಲಿಸಿದರು, ಆಸ್ಪತ್ರೆಗೆ ಫೋನು ಮಾಡಿದರು. ತಕ್ಕಡಿ ಬೈಯಲಿಲ್ಲ. ಹಾಳೆಗಳನ್ನು ತಿರುವಿ, "ಅಣ್ಣಾ, ಹೋದ ಮಂಗಳವಾರ ನೀವು ಹಲ್ಲು ಕೀಳಿಸಿಕೊಳ್ಳೋಕೆ ಹೋಗಿದ್ರಲ್ವಾ? ಆವತ್ತು ಆ ಎರಡು ಹಿಡಿ ಯಾರು ಹಾಕಿದ್ರು?" ಎಂದಳು. ಯಾರೂ ಇಲ್ಲ. ಆ ದಿನ ಅಡುಗೆ ಅವಳದ್ದೇ. ನಿಂಬೆರಸ, ಹುರಿದ ಮೆಣಸಿನ ಪುಡಿ ಎಂದು ಮೂರನೇ ದಿನದಿಂದ ಏನೇನೋ ಸೇರಿಸುತ್ತಿದ್ದಳು, ನಾನು ಬೆನ್ನ ಹಿಂದೆ ನಕ್ಕಿದ್ದೆ. ಅವಳು ಬೆರಳಿಟ್ಟು ತೋರಿಸಿದಳು: ಮಂಗಳವಾರ, ಎರಡು ಕಿಲೋ ನೂರು ಗ್ರಾಂ. ಹದಿನೈದು ದಿನದಲ್ಲೇ ಎಲ್ಲಕ್ಕಿಂತ ಕಡಿಮೆ. ಈಗ ಆ ಸೊಸೆಯ ಮನೆಗೆ ಹೊರಟಿದ್ದೇನೆ. ಆಕೆಗೆ ಇದನ್ನೂ ಹೇಳಬೇಕು: ನನ್ನ ಉಪ್ಪು ಯಾರಿಗೂ ಬೇಕಾಗೇ ಇರಲಿಲ್ಲ.