ಹೆಸರಿಲ್ಲದೆ ಹೋದ ಪ್ರಬಂಧ

॥ ಶ್ರೀ ವೀತರಾಗಾಯ ನಮಃ ॥

ತೇರದಾಳ
ಫಾಲ್ಗುಣ ಶುದ್ಧ ಸಪ್ತಮಿ, ೧೮–೩–೨೦೧೩

ಚಿರಂಜೀವಿ ಸೌಭಾಗ್ಯವತಿ ರಾಜಮತಿಗೆ ನಿನ್ನ ತಂದೆ ಮಾಡುವ ಅನೇಕ ಆಶೀರ್ವಾದಗಳು.

ನಿನ್ನ ಎರಡು ಪತ್ರಗಳು ಕೈಸೇರಿ ಇಪ್ಪತ್ತು ದಿನ ಮೀರಿತು. ವಿಳಂಬಕ್ಕೆ ದೇಹಾಲಸ್ಯವೇ ಕಾರಣವೆಂದು ಬರೆಯಬಹುದಾಗಿತ್ತು. ಆದರೆ ನಾಳೆ ಅಷ್ಟಾಹ್ನಿಕ ಪರ್ವದ ಆರಂಭ, ಅದರ ಮುನ್ನಾದಿನ ಸುಳ್ಳು ಬರೆಯಲು ಕೈ ಏಳಲಿಲ್ಲ. ಲೇಖನಿ ಹಿಡಿದು ಕುಳಿತು, ಎಲ್ಲಿಂದ ತೊಡಗಬೇಕೆಂದು ತಿಳಿಯದೆ ಎದ್ದುಹೋದ ದಿನಗಳೇ ಹೆಚ್ಚು. ನಿನ್ನ ತಾಯಿಯ ಮೊಣಕಾಲ ನೋವು ತುಸು ಇಳಿದಿದೆ. ಬಸದಿಯ ಮೆಟ್ಟಿಲನ್ನು ಈಗ ತಾನೇ ಹತ್ತುತ್ತಾಳೆ. ನೀನು ಬನಹಟ್ಟಿಯಲ್ಲಿ ಕೊಡಿಸಿದ ಸೀರೆಯನ್ನು ಪರ್ವಕ್ಕೆಂದು ತೆಗೆದಿಟ್ಟಿದ್ದಾಳೆ. ಅವಳಿಗೆ ಈ ಪತ್ರದ ವಿಷಯ ತಿಳಿಯದು.

ವಿಷಯವು ನಿನ್ನ ಪತಿಯೂ ನನ್ನ ತಂಗಿಯ ಮಗನೂ ಆದ ಅರಿಹಂತನನ್ನು ಕುರಿತದ್ದು, ಮತ್ತು ಹೊಳೆವ್ವಳನ್ನು ಕುರಿತದ್ದು. ನಮ್ಮ ತೋಟದ ಬದುವಿಗೆ ಹೊಂದಿದ ಹೊಲದ ಅಮಸಿದ್ದಪ್ಪನ ಮಗಳನ್ನು ನೀನು ಬಲ್ಲೆ. ಕುರಿ ಕಾಯುವ ಮನೆಯ ಆ ಹುಡುಗಿ ನನ್ನ ಪಡಸಾಲೆಯಲ್ಲಿ ಅಕ್ಷರ ತಿದ್ದಿದವಳು. ಎಂಜಿನಿಯರಿಂಗ್ ಮುಗಿದಾಗ ವರ ಕಾದು ಕುಳಿತಿದ್ದ. ನೀವಿಬ್ಬರೂ ಪಾಠ ಹೇಳುವ ಕಾಲೇಜಿಗೆ, ಅರಿಹಂತನ ಮಾರ್ಗದರ್ಶನಕ್ಕೆ, ಅವಳನ್ನು ಮುಂದಿನ ಓದಿಗೆ ಕಳುಹಿಸಿದ್ದು ಅಮಸಿದ್ದಪ್ಪನಲ್ಲ, ನನ್ನ ಮಾತು.

ಅಲ್ಲಿ ಅವಳು ಎರಡು ವರ್ಷ ಶ್ರಮಿಸಿ ಕಟ್ಟಿದ್ದು, ಕಾಲುವೆಯ ನೀರಿನ ಪಾಳಿ ಬರೆಯುವುದಕ್ಕೆಂದೇ ಒಂದು ಕಿರಿಯ ಪ್ರೋಗ್ರಾಮಿಂಗ್ ಭಾಷೆ. ಒಂದೇ ನೀರನ್ನು ಒಂದೇ ಹೊತ್ತಿಗೆ ಇಬ್ಬರಿಗೆ ಹಂಚಿದ ಪಾಳಿಯನ್ನು ಅದರಲ್ಲಿ ಬರೆದರೆ, ತೂಬು ತೆರೆಯುವ ಮೊದಲೇ ಯಂತ್ರವು ತಪ್ಪೆಂದು ತಿರಸ್ಕರಿಸುತ್ತದೆ. ಸಾಮಾನ್ಯ ನಿಯಮವನ್ನು ವಿಶೇಷ ನಿಯಮವು ಬಾಧಿಸಿ ತಾನೇ ನಿಲ್ಲುವ ನಮ್ಮ ಶಾಸ್ತ್ರಕಾರರ ಕ್ರಮವನ್ನು ನಾನು ಒಮ್ಮೆ ವಿವರಿಸಿದ್ದೆ; ಅದನ್ನೂ ಅದರಲ್ಲಿ ನೆಯ್ದಿದ್ದಳು. “ನಮ್ಮಪ್ಪ ನೀರಿಗೆ ಬಡದಾಡಿದ್ದನ್ನೆಲ್ಲಾ ಕಂಪ್ಯೂಟರಿಗೆ ಕಲಸೇನ್ರಿ ಗುರುಗಳ. ಈಗ ಅದು ಬಡದಾಟಕ್ಕಿಂತ ಮೊದಲ ಬೈತೈತಿ,” ಎಂದು ನಕ್ಕಿದ್ದಳು.

ಕಳೆದ ದಸರೆಯ ರಜೆಗೆ ನೀವಿಬ್ಬರೂ ಬಂದಿದ್ದಿರಿ. ಪುಣೆಯ ಪ್ರೋಗ್ರಾಮಿಂಗ್ ಭಾಷೆಗಳ ಸಮ್ಮೇಳನಕ್ಕೆ ಪ್ರಬಂಧ ಕಳುಹಿಸುವ ಕೊನೆಯ ದಿನ ಅದು. ಮಧ್ಯಾಹ್ನ ಕರೆಂಟು ಹೋಗಿ, ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯುವುದರೊಳಗೆ ಆಗಲೆಂದು ಅರಿಹಂತನು ಅವಸರಿಸುತ್ತಿದ್ದ. ಹೊಳೆವ್ವ ಬಗ್ಗಿ ಮೊದಲ ಪುಟವನ್ನು ನೋಡಿದಳು. ಶೀರ್ಷಿಕೆಯ ಕೆಳಗೆ ಹೆಸರಿರಬೇಕಾದ ಸ್ಥಳ ಬರಿದಾಗಿತ್ತು.

“ಸರ, ಇಲ್ಲಿ ಯಾರ ಹೆಸರೂ ಇಲ್ಲಲ್ರಿ?”

ಬರೆದವರಾರೆಂದು ಪರೀಕ್ಷಕರಿಗೆ ತಿಳಿಯಬಾರದು, ಹೆಸರಿದ್ದರೆ ಪ್ರಬಂಧವನ್ನೇ ತಳ್ಳಿಹಾಕುತ್ತಾರೆ, ಅದೇ ಸಮ್ಮೇಳನದ ನಿಯಮ ಎಂದನು ಅರಿಹಂತ. ಅದು ನಿಜವೇ. ಅವಳ ಮುಖದ ಸಂಶಯ ಅಳಿಯಲಿಲ್ಲ. ಆಗ ನಾನು ನಡುವೆ ಬಂದೆ. ಹೆಸರೂ ಒಂದು ಪರಿಗ್ರಹ, ನನ್ನದೆಂದು ಹಿಡಿದಿಟ್ಟ ಸ್ವತ್ತು ಎಂದೆ. ತಮ್ಮ ಕುರುಹನ್ನೇ ಉಳಿಸದೆ ಗ್ರಂಥ ಬರೆದ ಮುನಿಗಳ ಮಾತು ತೆಗೆದೆ. ಕೃತಿಯನ್ನು ಮಾತ್ರ ನೋಡಿ ಕರ್ತೃವನ್ನು ನೋಡದ ಸಭೆ ಈ ಕಾಲದಲ್ಲಿಯೂ ಉಂಟೆಂದು ಹಿಗ್ಗಿದೆ. ಅರ್ಧ ಗಂಟೆ ಮಾತನಾಡಿರಬೇಕು. “ಆತ್ರಿ ಗುರುಗಳ,” ಎಂದು ಅವಳು ನನ್ನ ಪಾದ ಮುಟ್ಟಿದಳು.

ನನಗೆ ಆಗ ತಿಳಿಯದೆ ಇದ್ದುದು ಇಷ್ಟು: ಪ್ರಬಂಧದ ಮೇಲೆ ಹೆಸರಿರದಿದ್ದರೂ, ಸಮ್ಮೇಳನದವರ ಕಂಪ್ಯೂಟರಿನಲ್ಲಿ ಕರ್ತೃಗಳ ಹೆಸರನ್ನು ಬೇರೆಯಾಗಿ, ಅದೇ ಗಳಿಗೆಯಲ್ಲಿ ತುಂಬಬೇಕಂತೆ. ಪರೀಕ್ಷಕರಿಗೆ ಮಾತ್ರ ಅದು ಕಾಣದಂತೆ. ನಾನು ನಿರ್ಮಮತೆಯನ್ನು ಕುರಿತು ಉಪನ್ಯಾಸ ಮಾಡುತ್ತಿದ್ದಾಗಲೇ ನನ್ನ ಎದುರಿಗೆ ಆ ಹೆಸರುಗಳ ಬರವಣಿಗೆ ನಡೆದಿತ್ತು.

ಜನವರಿಯಲ್ಲಿ ಪ್ರಬಂಧ ಸ್ವೀಕೃತವಾಯಿತೆಂದು ಅರಿಹಂತನು ಫೋನು ಮಾಡಿದಾಗ ನಾನು ಬಸದಿಯಲ್ಲಿ ಸಕ್ಕರೆ ಹಂಚಿದೆ. ಫೆಬ್ರುವರಿಯ ಕೊನೆಗೆ ಹೊಳೆವ್ವ ದೊಡ್ಡದೊಂದು ಸಂಸ್ಥೆಗೆ, ಸಂಶೋಧನೆಯ ಸೀಟಿನ ಸಂದರ್ಶನಕ್ಕೆ ಹೋದಳು. ತನ್ನ ಭಾಷೆಯನ್ನು ವಿವರಿಸಿದಳು. ಪರೀಕ್ಷಕರಲ್ಲಿ ಒಬ್ಬ ಹಿರಿಯರು ಪುಣೆಯ ಸಮ್ಮೇಳನದ ಕಾರ್ಯಕ್ರಮಪಟ್ಟಿಯನ್ನು ತೆರೆದು ಮುಂದಿಟ್ಟರಂತೆ. ಇದು ಆಗಲೇ ಬೇರೆಯವರದೆಂದು ಪ್ರಕಟವಾಗಿದೆಯಲ್ಲಮ್ಮ, ಇನ್ನೊಬ್ಬರ ಕೆಲಸ ಹಿಡಿದು ಬರಬಹುದೇ ಎಂದು ಕೇಳಿದರಂತೆ. ಗದರಿಸಲಿಲ್ಲ, ಮರುಕದಿಂದಲೇ ಕೇಳಿದರು, ಅದೇ ಸಹಿಸಲಾಗಲಿಲ್ಲ ಎಂದಳು. ತನ್ನದೆಂಬುದಕ್ಕೆ ಬರಹದಲ್ಲಿ ಆಧಾರ ತರಲು ಮಾರ್ಚ್ ಮೂವತ್ತೊಂದರವರೆಗೆ ಅವಧಿ ಕೊಟ್ಟಿದ್ದಾರೆ.

ತಂದೆಯೊಡನೆ ಜಮಖಂಡಿಯ ಬಸ್ಸಿಳಿದು ನೇರವಾಗಿ ನಮ್ಮಲ್ಲಿಗೆ ಬಂದಳು. ಪಡಸಾಲೆಯಲ್ಲಿ ನಿಂತು ಆ ಪಟ್ಟಿಯ ಹಾಳೆಯನ್ನು ಗಟ್ಟಿಯಾಗಿ ಓದಿದಳು: ತನ್ನ ಪ್ರಬಂಧದ ಶೀರ್ಷಿಕೆ, ಅದರ ಕೆಳಗೆ ಅರಿಹಂತನ ಹೆಸರು. ಓದಿ, ಹಾಳೆಯನ್ನು ಮಡಚಿ ಕಂಬದ ಬುಡದಲ್ಲಿಟ್ಟಳು. ಅಳಲಿಲ್ಲ. ಅಮಸಿದ್ದಪ್ಪ ಕಂಬಳಿಯ ಅಂಚನ್ನು ತೀಡುತ್ತ ಹೇಳಿದ:

“ಕುರಿ ಕಳದ್ರ ಕಿವೀ ಗುರ್ತ ಹೇಳಿ ಯಾರ ಹಿಂಡಿನ್ಯಾಗಿದ್ರೂ ಹೊಡ್ಕೊಂಡ ಬರ್ತೀವ್ರಿ. ಇದಕ್ಕ ಏನ ಗುರ್ತ ಹೇಳೂದ್ರಿ ಗುರುಗಳ?”

ಗುರುತು ಬೇಡವೆಂದು ಬೋಧಿಸಿದವನೇ ನಾನಲ್ಲವೇ?

ಮರುದಿನ ಅರಿಹಂತನಿಗೆ ಫೋನು ಮಾಡಿದೆ. ಅವನು ಅಂಜಲಿಲ್ಲ. ಇಂಗ್ಲಿಷಿನಲ್ಲಿ ತಿದ್ದಿ ಬರೆದವನು ತಾನೆಂದ; ಕೊನೆಯ ಪುಟದ ಕೃತಜ್ಞತೆಯಲ್ಲಿ ಅವಳ ಹೆಸರು ಹಾಕಿದೆ ಎಂದ. “ಮಾಮಾ, ಈ ಲೋಕದ ರೀತಿ ನಿಮಗ ಗೊತ್ತಿಲ್ಲರಿ. ಆಕಿ ಇನ್ನೂ ಸಣ್ಣಾಕಿ, ಇಂಥಾವು ಹತ್ತ ಬರೀತಾಳ. ನಮಗ ಈ ವರ್ಷ ಪ್ರಮೋಷನ್ ಐತಿ. ನೀವಽ ಹೇಳಿದ್ರಲ್ಲಾ, ಹೆಸರಂದ್ರ ಪರಿಗ್ರಹ ಅಂತ?” ಎಂದ. ಅವನಿಗೆ ಬಾಲ್ಯದಲ್ಲಿ ಅಣುವ್ರತಗಳನ್ನು ಬಾಯಿಪಾಠ ಮಾಡಿಸಿದವನು ನಾನು. ನನ್ನ ಮಾತನ್ನೇ ನನ್ನ ಮೇಲೆ ಎಸೆದು ಅವನು ಫೋನು ಇಟ್ಟ.

ಅಚೌರ್ಯವ್ರತಕ್ಕೆ ಕುಂದು ತರುವ ಅತಿಚಾರಗಳನ್ನು ನೀನೂ ಕಲಿತವಳು. ಕದಿಯುವವನಿಗೆ ಒತ್ತಾಸೆಯಾಗುವುದು ಮೊದಲನೆಯದು. ಕದ್ದು ತಂದುದನ್ನು ಸ್ವೀಕರಿಸುವುದು ಎರಡನೆಯದು. ಐವತ್ತು ವರ್ಷ ಇವನ್ನು ಇತರರಿಗೆ ಬೋಧಿಸಿದೆ. ಮೊದಲನೆಯದನ್ನು ನಾನೇ ಮಾಡಿದೆ. ಆ ಹುಡುಗಿಯ ಪ್ರಶ್ನೆಗೆ ನಾನು ಅಡ್ಡ ಬಾರದಿದ್ದರೆ ಅವಳು ಇನ್ನೊಮ್ಮೆ ಕೇಳುತ್ತಿದ್ದಳು. ಅರಿಹಂತನಿಗೆ ಬೇಕಾಗಿದ್ದುದು ನನ್ನ ಪಾಂಡಿತ್ಯವಲ್ಲ, ಅವಳು ಸುಮ್ಮನಾಗುವುದು. ಅದನ್ನು ನಾನು ಉಚಿತವಾಗಿ ದೊರಕಿಸಿಕೊಟ್ಟೆ.

ಈಗ ಆಗಬೇಕಾದುದು ಒಂದೇ. ಅಚ್ಚಿನ ಪ್ರತಿಯಲ್ಲಿ ಕರ್ತೃಗಳ ಹೆಸರನ್ನು ತಿದ್ದಲು ಈ ತಿಂಗಳ ಇಪ್ಪತ್ತೈದರವರೆಗೆ ಅವಕಾಶವಿದೆಯೆಂದು ಹೊಳೆವ್ವ ತಿಳಿದುಕೊಂಡಿದ್ದಾಳೆ. ಕಳುಹಿಸಿದವರೇ ಬರೆದುಕೊಳ್ಳಬೇಕು, ಅವಳು ಬರೆದರೆ ನಡೆಯದು. ನಾನೂ ಸಮ್ಮೇಳನದ ಅಧ್ಯಕ್ಷರಿಗೆ ಕಂಡದ್ದನ್ನು ಕಂಡಂತೆ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದ್ದೇನೆ. ಅದರಿಂದ ನಿಮ್ಮ ಮನೆಗೆ ಕೇಡಾಗಬಹುದೆಂದು ತಿಳಿದೇ ಕಳುಹಿಸಿದೆ. ನಿಮ್ಮ ಪತ್ರ ಅದಕ್ಕಿಂತ ಮೊದಲು ಅವರನ್ನು ಮುಟ್ಟಿದರೆ ನಿಮಗೆ ಒಳ್ಳೆಯದು.

ಆರೋಗ್ಯದ ಕಡೆ ಲಕ್ಷ್ಯವಿರಲಿ. ಪರ್ವದ ಎಂಟು ದಿನವೂ ಏಕಾಶನ ಮಾಡುವ ಹಟ ಬೇಡ. ಸಮ್ಯಕ್ತ್ವವು ನಿನ್ನಲ್ಲಿ ನೆಲೆಸಲಿ, ಧರ್ಮವೇ ನಿನ್ನನ್ನು ಕಾಯಲಿ.

ಇಂತು ನಿನ್ನ ತಂದೆ,
ಭರತೇಶ ಉಪಾಧ್ಯೆ

ತಾ. ಕ.: ಮೇಲೆ ಬರೆಯಲಾಗದೆ ಬಿಟ್ಟದ್ದೊಂದು ಉಳಿದಿದೆ. ಹೊಳೆವ್ವ ಮಡಚಿಟ್ಟ ಹಾಳೆಯನ್ನು ಅವರು ಹೋದ ಮೇಲೆ ಬಿಚ್ಚಿ ನೋಡಿದೆ. ಅಲ್ಲಿ ಎರಡು ಹೆಸರುಗಳಿವೆ. ಎರಡನೆಯದು ‘ರಾಜಮತಿ ಭರತೇಶ ಉಪಾಧ್ಯೆ’. ಮದುವೆಯಾದ ಮೇಲೆ ನಮ್ಮ ವಾಡಿಕೆಯಂತೆ ನಿನ್ನ ಹೆಸರಿನ ಮುಂದೆ ಗಂಡನ ಹೆಸರು ಬಂದಿದೆ. ಆದರೂ ಪದವಿಪತ್ರದ ಹಳೆಯ ಹೆಸರನ್ನೇ ಕೊಟ್ಟಿದ್ದೀಯೆ. ಹೀಗಾಗಿ ಅಲ್ಲಿ ನಾನೂ ಇದ್ದೇನೆ. ತಂದೆಗೆ ಓದಿ ಹೇಳುವಾಗ ಆ ಹುಡುಗಿ, ನಾನು ಎದುರಿಗಿದ್ದೇನೆಂದು, ಆ ಹೆಸರನ್ನು ಓದದೆ ಬಿಟ್ಟಳು. ಅಮಸಿದ್ದಪ್ಪನಿಗೆ ಇನ್ನೂ ತಿಳಿಯದು. ಹೊರಡುವಾಗ ಕೈಮುಗಿದು ಹೇಳಿದ: “ನಮ್ಮ ರಾಜಮತಿ ಅಕ್ಕಾರಿಗೆ ಒಂದ ಮಾತ ಬರೀರಿ ಗುರುಗಳ. ಅವರ ಕಿವಿಗೆ ಬಿದ್ದರ ಹಿಂಗ ಆಗಗೊಡೂದಿಲ್ಲ ಅವರು.” ಬರೆಯುತ್ತೇನೆ ಎಂದು ಒಪ್ಪಿಕೊಂಡೆ.